ಹೋಟೆಲ್ ಮಸಾಲೆ ದೋಸೆ ಮನೆಯಲ್ಲಿ ಯಾಕೆ ಹಾಗೆ ಬರುವುದಿಲ್ಲ?

ಬೆಂಗಳೂರಿನ ಒಳ್ಳೆಯ ಹೋಟೆಲಿನ ಮಸಾಲೆ ದೋಸೆಯ ಅಂಚು ಮುರಿದು ನೋಡಿ. ತಳದಲ್ಲಿ ಕಂದುಗೆಂಪಿನ ಗರಿಗರಿ ಪದರ ಇರುತ್ತದೆ. ಅದರ ಮೇಲೆ ಸಣ್ಣ ಸಣ್ಣ ತೂತುಗಳಿರುವ ಮೆತ್ತನೆಯ ಭಾಗ, ಅದಕ್ಕೆ ತೆಳುವಾಗಿ ಸವರಿದ ಕೆಂಪು ಚಟ್ನಿ. ಮನೆಯಲ್ಲಿ ಅದೇ ಅಕ್ಕಿ, ಅದೇ ಉದ್ದು ಹಾಕಿ ರುಬ್ಬಿದರೂ ದೋಸೆ ಬಿಳಿಚಿಕೊಂಡು ಬರುತ್ತದೆ, ಇಲ್ಲವೇ ತಟ್ಟೆಗೆ ಬಂದ ಎರಡೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಆಗ ಎಲ್ಲರೂ ಅನ್ನುವ ಮಾತು, ಹೋಟೆಲಿನವರು ಏನೋ ಪುಡಿ ಹಾಕುತ್ತಾರೆ ಅಂತ. ಪುಡಿಯಿಂದ ಆಗುವ ಕೆಲಸ ಇದಲ್ಲ. ಹಿಟ್ಟಿನಲ್ಲಿ ಉದ್ದು ಎಷ್ಟಿದೆ, ಹುಳಿ ಎಷ್ಟು ಬಂದಿದೆ, ಹುಯ್ಯುವಾಗ ಕಾವಲಿ ಎಷ್ಟು ಕಾದಿದೆ, ಬೆಣ್ಣೆ ಯಾವ ಹೊತ್ತಿಗೆ ಬಿತ್ತು ಎಂಬುದರ ಮೇಲೆ ದೋಸೆ ನಿಂತಿದೆ. ಈ ನಾಲ್ಕೂ ಮನೆಯಲ್ಲಿ ನಮ್ಮ ಹಿಡಿತಕ್ಕೆ ಸಿಗುವಂಥವೇ.

ಮೊದಲು ಯಾವ ದೋಸೆ ಬೇಕು ಎಂದು ತೀರ್ಮಾನಿಸಿಕೊಳ್ಳಿ. ಮೈಸೂರಿನ ಮೈಲಾರಿ ದೋಸೆ ಮೆತ್ತಗೆ, ಬಾಯಲ್ಲಿಟ್ಟರೆ ಕರಗುವಂಥದ್ದು. ದಾವಣಗೆರೆ ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಸೇರುತ್ತದೆ. ಬಸವನಗುಡಿಯಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ದೋಸೆ ದಪ್ಪ, ಹೊರಗೆ ಗರಿ, ಒಳಗೆ ಮೃದು. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಇಲ್ಲಿ ಹೇಳುತ್ತಿರುವುದು ಕೊನೆಯ ಬಗೆಯದು, ಕೆಂಪು ಚಟ್ನಿ ಸವರುವ ಬೆಂಗಳೂರು ಮಸಾಲೆ ದೋಸೆ.

ಹಿಟ್ಟು

ಸುಮಾರು 16 ದೋಸೆಗೆ ಅಳತೆ ಹೀಗೆ: ದೋಸೆ ಅಕ್ಕಿ 600 ಗ್ರಾಂ (3 ಕಪ್), ಉದ್ದಿನಬೇಳೆ 150 ಗ್ರಾಂ (ಮುಕ್ಕಾಲು ಕಪ್), ಕಡಲೆಬೇಳೆ 2 ದೊಡ್ಡ ಚಮಚ, ತೊಗರಿಬೇಳೆ 2 ದೊಡ್ಡ ಚಮಚ, ಮೆಂತ್ಯ 1 ಸಣ್ಣ ಚಮಚ, ಗಟ್ಟಿ ಅವಲಕ್ಕಿ ಅರ್ಧ ಕಪ್, ಉಪ್ಪು 1 ದೊಡ್ಡ ಚಮಚ. ದೋಸೆ ಅಕ್ಕಿ ಸಿಗದಿದ್ದರೆ ಇಡ್ಲಿ ಅಕ್ಕಿ ಆಗುತ್ತದೆ. ಊಟದ ಸೋನಾ ಮಸೂರಿಯಲ್ಲೂ ಮಾಡಬಹುದು, ಹಳೆಯ ಅಕ್ಕಿಯಾಗಿರಲಿ. ಹೊಸ ಅಕ್ಕಿ ಅಂಟು ಜಾಸ್ತಿ ಬಿಡುತ್ತದೆ. ಬಾಸ್ಮತಿ ಬೇಡ.

ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಉದ್ದು ಹೆಚ್ಚು ಹಾಕುವುದು. ಇಡ್ಲಿಗೂ ದೋಸೆಗೂ ಒಂದೇ ಹಿಟ್ಟು ರುಬ್ಬುವವರು ಮೂರಕ್ಕೆ ಒಂದರಂತೆ, ಕೆಲವರು ಎರಡಕ್ಕೆ ಒಂದರಂತೆ ಉದ್ದು ಹಾಕುತ್ತಾರೆ. ಆ ಹಿಟ್ಟಿನ ದೋಸೆ ಹತ್ತಿಯಂತೆ ಮೃದುವಾಗುತ್ತದೆ, ಕಾವಲಿಯ ಮೇಲೆ ತೆಳ್ಳಗೆ ಹರಡಲು ಒಪ್ಪುವುದಿಲ್ಲ, ಗರಿ ಹಿಡಿಯುವುದೂ ಇಲ್ಲ. ಗರಿ ಕೊಡುವುದು ಅಕ್ಕಿ. ಉದ್ದಿನ ಕೆಲಸ ಗಾಳಿಯನ್ನು ಹಿಡಿದಿಡುವುದು. ನಾಲ್ಕಕ್ಕೆ ಒಂದು ಸಾಕು. ಹಾಗೆಂದು ಆರಕ್ಕೆ ಒಂದಕ್ಕೆ ಇಳಿಸಿದರೆ ದೋಸೆ ಬಿರುಸಾಗಿ, ಆರಿದ ಮೇಲೆ ಹಪ್ಪಳವಾಗುತ್ತದೆ. ಕಡಲೆಬೇಳೆ, ತೊಗರಿಬೇಳೆ, ಮೆಂತ್ಯ ಇವು ಬಣ್ಣಕ್ಕೆ. ಅವಲಕ್ಕಿ ಒಳಭಾಗದ ಮೃದುತನಕ್ಕೆ.

ಅಕ್ಕಿಯನ್ನು ಒಂದು ಪಾತ್ರೆಯಲ್ಲಿ, ಬೇಳೆಗಳನ್ನೂ ಮೆಂತ್ಯವನ್ನೂ ಇನ್ನೊಂದರಲ್ಲಿ 5 ಗಂಟೆ ನೆನೆಸಿ. ಅವಲಕ್ಕಿಗೆ ರುಬ್ಬುವ ಮುಂಚಿನ ಇಪ್ಪತ್ತು ನಿಮಿಷ ಸಾಕು. ಗ್ರೈಂಡರ್ ಇದ್ದರೆ ಬೇಳೆ 25 ನಿಮಿಷ ತಿರುಗಲಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುತ್ತಿರಿ. ಒಂದು ಹನಿ ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟಾಗ ತೇಲಿದರೆ ಉದ್ದು ಹದಕ್ಕೆ ಬಂದಿದೆ. ಮುಳುಗಿದರೆ ಇನ್ನೂ ರುಬ್ಬಬೇಕು. ಅಕ್ಕಿಯನ್ನು ಅವಲಕ್ಕಿ ಜೊತೆ ಬೇರೆಯಾಗಿ ರುಬ್ಬಿ, ಬೆರಳಲ್ಲಿ ಉಜ್ಜಿದರೆ ಚಿರೋಟಿ ರವೆಯ ತರಿ ಸಿಗುವಷ್ಟಕ್ಕೆ ನಿಲ್ಲಿಸಿ. ಪೂರ್ತಿ ನುಣ್ಣಗಾದ ಅಕ್ಕಿಯ ದೋಸೆ ಕಾವಲಿಗೆ ಅಂಟುತ್ತದೆ, ಜಗಿಯಲು ರಬ್ಬರಿನಂತಿರುತ್ತದೆ.

ಮಿಕ್ಸಿಯಲ್ಲಿ ರುಬ್ಬುವವರ ದೊಡ್ಡ ತೊಡಕು ಬಿಸಿ. ಜಾರ್ ಒಂದೇ ಸಮನೆ ಓಡಿದರೆ ಹಿಟ್ಟು ಕೈಗೆ ಬೆಚ್ಚಗೆ ತಾಗುತ್ತದೆ. ಅಷ್ಟರಲ್ಲಿ ಉದ್ದಿನ ಹಿಟ್ಟಿನ ಉಬ್ಬುವ ಗುಣ ಕಡಿಮೆಯಾಗಿರುತ್ತದೆ. ಫ್ರಿಜ್ಜಿನ ತಣ್ಣೀರು ಹಾಕಿ, ಅರ್ಧ ನಿಮಿಷ ಓಡಿಸಿ, ಅರ್ಧ ನಿಮಿಷ ಬಿಡಿ. ಜಾರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಎರಡನ್ನೂ ಕೈಯಲ್ಲಿ ಚೆನ್ನಾಗಿ ಕಲಸಿ, ಪಾತ್ರೆಯಲ್ಲಿ ಅರ್ಧ ಭಾಗ ಖಾಲಿ ಇರುವಂತೆ ಮುಚ್ಚಿಡಿ. ಈ ಹಂತದಲ್ಲಿ ಹಿಟ್ಟು ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾಗಿರಲಿ. ನೀರಾದ ಹಿಟ್ಟಿನಲ್ಲಿ ಗಾಳಿ ನಿಲ್ಲದೆ ಮೇಲೆ ನೀರು, ಕೆಳಗೆ ಅಕ್ಕಿ ಬೇರೆಯಾಗುತ್ತದೆ. ದೋಸೆಯ ಹದಕ್ಕೆ ನೀರು ಸೇರಿಸುವುದು ಬೆಳಿಗ್ಗೆ.

ಹುಳಿ ಎಷ್ಟು ಬರಬೇಕು?

ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾ ಹೊರಗಿನಿಂದ ಬರಬೇಕಾಗಿಲ್ಲ, ಬೇಳೆ ಅಕ್ಕಿಯ ಮೇಲೇ ಇರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್. ಅದು ಹಿಟ್ಟಿನ ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಉದ್ದಿನ ಪ್ರೋಟೀನು ಮತ್ತು ಲೋಳೆ ಆ ಗಾಳಿಯನ್ನು ಗುಳ್ಳೆಗಳಾಗಿ ಹಿಡಿದುಕೊಳ್ಳುತ್ತವೆ.

ಇಡ್ಲಿಗೆ ಹಿಟ್ಟು ದುಪ್ಪಟ್ಟಾಗಬೇಕು. ದೋಸೆಗೆ ಒಂದೂವರೆಪಟ್ಟು ಸಾಕು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಿಟ್ಟು ಉಬ್ಬಿ, ಮತ್ತೆ ಇಳಿದು, ಪಾತ್ರೆಯ ಬದಿಯಲ್ಲಿ ಗುರುತು ಬಿಟ್ಟಿದ್ದರೆ ಹದ ಮೀರಿದೆ ಎಂದರ್ಥ. ಅಷ್ಟರಲ್ಲಿ ಸಕ್ಕರೆ ಬಹುಪಾಲು ಖರ್ಚಾಗಿರುತ್ತದೆ, ಹುಳಿ ಏರಿರುತ್ತದೆ. ದೋಸೆಗೆ ಕೆಂಪು ಬಣ್ಣ ಬರುವುದು ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಬಿಸಿಯಲ್ಲಿ ಕೂಡಿದಾಗ. ಸಕ್ಕರೆ ಇಲ್ಲದಿದ್ದರೆ ಆ ಕ್ರಿಯೆಗೆ ಕಚ್ಚಾ ಸಾಮಗ್ರಿಯೇ ಇಲ್ಲ, ಹುಳಿ ಹೆಚ್ಚಿದ್ದರೆ ಕ್ರಿಯೆ ನಿಧಾನ. ಎಷ್ಟು ಹೊತ್ತು ಬೇಯಿಸಿದರೂ ಬೆಳ್ಳಗೇ ಇರುವ ಹುಳಿ ದೋಸೆಯ ಹಿಂದಿನ ಕಾರಣ ಇದು.

ಬೇಸಿಗೆಯಲ್ಲಿ 7-8 ಗಂಟೆ ಸಾಕು. ಬೆಂಗಳೂರಿನ ಡಿಸೆಂಬರ್ ಚಳಿಗೆ 14 ಗಂಟೆಯಾದರೂ ಬೇಕು. ಬೇಸಿಗೆಯಲ್ಲಿ ಉಪ್ಪನ್ನು ರಾತ್ರಿಯೇ ಹಾಕಿದರೆ ಹುಳಿ ಸ್ವಲ್ಪ ಹತೋಟಿಯಲ್ಲಿರುತ್ತದೆ, ಚಳಿಯಲ್ಲಿ ಬೆಳಿಗ್ಗೆ ಹಾಕಿ. ಹಿಮ ಬೀಳುವ ದೇಶಗಳಲ್ಲಿರುವವರು ಓವನ್ ಉರಿಸದೆ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟರೆ ಬೇಕಾದ ಬೆಚ್ಚಗೆ ಸಿಗುತ್ತದೆ. 26ರಿಂದ 32 ಡಿಗ್ರಿ ಸೆಲ್ಸಿಯಸ್ ಒಳ್ಳೆಯ ಹವೆ. ಹದಕ್ಕೆ ಬಂದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಮೂರು ದಿನ ಚೆನ್ನಾಗಿರುತ್ತದೆ.

ಬೆಳಿಗ್ಗೆ, ಹುಯ್ಯುವ ಅರ್ಧ ಗಂಟೆ ಮುಂಚೆ, ಅವತ್ತಿಗೆ ಬೇಕಾದಷ್ಟೇ ಹಿಟ್ಟನ್ನು ಬೇರೆ ತೆಗೆದುಕೊಳ್ಳಿ. ನಾಲ್ಕು ಕಪ್ ಹಿಟ್ಟಿಗೆ ಚಿರೋಟಿ ರವೆ 2 ದೊಡ್ಡ ಚಮಚ, ಸಕ್ಕರೆ 1 ಸಣ್ಣ ಚಮಚ ಹಾಕಿ. ಸಕ್ಕರೆಯನ್ನು ರಾತ್ರಿ ಹಾಕಿದರೆ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಬೆಳಿಗ್ಗೆ ಹಾಕಿದ್ದು ಬಣ್ಣಕ್ಕೆ ಉಳಿಯುತ್ತದೆ. ಸೋಡಾ ಬೇಡ. ಅದೂ ಬಣ್ಣ ತರುತ್ತದೆ ನಿಜ, ಜೊತೆಗೆ ಒಂದು ಸಾಬೂನಿನ ವಾಸನೆಯನ್ನೂ ತರುತ್ತದೆ. ಸೌಟು ಎತ್ತಿ ಬಿಟ್ಟರೆ ಹಿಟ್ಟು ಕಡಿಯದೆ ಪಟ್ಟಿಯಂತೆ ಇಳಿಯಬೇಕು, ಅಷ್ಟು ನೀರು ಸೇರಿಸಿ.

ಅಂಗಡಿಯ ಪ್ಯಾಕೆಟ್ ಹಿಟ್ಟಿಗೂ ಇದೇ ಉಪಾಯ. ಅದನ್ನು ಇಡ್ಲಿಗೂ ಆಗಲಿ ಎಂದು ಮಾಡಿರುವುದರಿಂದ ಉದ್ದು ಹೆಚ್ಚಿರುತ್ತದೆ. ಅರ್ಧ ಕೆಜಿ ಹಿಟ್ಟಿಗೆ ಅಕ್ಕಿ ಹಿಟ್ಟು 1 ದೊಡ್ಡ ಚಮಚ, ಚಿರೋಟಿ ರವೆ 1 ದೊಡ್ಡ ಚಮಚ, ಸಕ್ಕರೆ ಅರ್ಧ ಸಣ್ಣ ಚಮಚ ಕಲಸಿ, ಒಂದು ಗಂಟೆ ಹೊರಗಿಟ್ಟು ಹುಯ್ಯಿರಿ.

ಕಾವಲಿ: ಸೋಲುವುದೂ ಗೆಲ್ಲುವುದೂ ಇಲ್ಲೇ

ಹೋಟೆಲಿನ ಕಾವಲಿ ಬೆರಳು ದಪ್ಪದ ಕಬ್ಬಿಣದ ಹಲಗೆ. ಅದರಲ್ಲಿ ಕೂತಿರುವ ಬಿಸಿ ಎಷ್ಟೆಂದರೆ ಹತ್ತು ದೋಸೆ ಹುಯ್ದರೂ ಅದು ತಣಿಯುವುದಿಲ್ಲ. ಮನೆಯ ತೆಳ್ಳನೆ ನಾನ್‌ಸ್ಟಿಕ್ ತವಾ ಒಂದು ಸೌಟು ಹಿಟ್ಟು ಬಿದ್ದರೆ ಸಾಕು, ಬಿಸಿ ಕಳೆದುಕೊಳ್ಳುತ್ತದೆ. ದೋಸೆ ಸುಡುವ ಬದಲು ಬೇಯುತ್ತದೆ. ಹಾಗಾಗಿ 4-5 ಮಿಲಿಮೀಟರ್ ದಪ್ಪದ ಬೀಡು ಕಾವಲಿ ತೆಗೆದುಕೊಳ್ಳುವುದು ಮನೆಯ ದೋಸೆಗೆ ಮಾಡಬಹುದಾದ ದೊಡ್ಡ ಉಪಕಾರ. ಸಣ್ಣ ಉರಿಯಲ್ಲಿ ಶುರುಮಾಡಿ ಮಧ್ಯಮ ಉರಿಯಲ್ಲಿ 6-7 ನಿಮಿಷ ಕಾಯಿಸಿ. ಅದೇ ಕಾವಲಿಯಲ್ಲಿ ಚಪಾತಿ ಸುಡಬೇಡಿ. ಒಣ ಬಿಸಿಗೆ ಎಣ್ಣೆಯ ಪದರ ಉರಿದುಹೋಗಿ ಮರುದಿನ ದೋಸೆ ಕಚ್ಚಿಕೊಳ್ಳುತ್ತದೆ. ಸಾಬೂನು ಹಾಕಿ ತಿಕ್ಕುವುದೂ ಬೇಡ. ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿಟ್ಟರೆ ಆಯಿತು.

ಇರುವುದು ನಾನ್‌ಸ್ಟಿಕ್ ಆದರೆ ಎರಡು ಮಾತು ನೆನಪಿರಲಿ. ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಬಿಡಬೇಡಿ, 260 ಡಿಗ್ರಿ ದಾಟಿದರೆ ಅದರ ಲೇಪ ಕೆಡಲು ಶುರುವಾಗುತ್ತದೆ. ಹುಯ್ಯುವ ಮುಂಚೆ ಎಣ್ಣೆ ಹಾಕಬೇಡಿ. ಜಿಡ್ಡಿನ ಮೇಲೆ ಹಿಟ್ಟಿಗೆ ಹಿಡಿತ ಸಿಗದೆ ಸೌಟಿನ ಹಿಂದೆಯೇ ಸುತ್ತಿಕೊಂಡು ಬರುತ್ತದೆ.

ಈಗ ನೀರು ಚಿಮುಕಿಸುವ ವಿಷಯ. ಹೋಟೆಲಿನ ಭಟ್ಟರು ಕಾವಲಿಗೆ ನೀರು ಎರಚಿ ಪೊರಕೆಯಲ್ಲಿ ಗುಡಿಸುವುದನ್ನು ಎಲ್ಲರೂ ನೋಡಿರುತ್ತಾರೆ. ಹಳೆಯ ಚೂರು, ಜಿಡ್ಡು ತೆಗೆಯುವುದು ಅದರ ಒಂದು ಕೆಲಸ ಮಾತ್ರ. ಮುಖ್ಯ ಕೆಲಸ ಮೇಲ್ಮೈಯನ್ನು ಸ್ವಲ್ಪ ತಣಿಸುವುದು. ಅಕ್ಕಿಯ ಪಿಷ್ಟ ಸುಮಾರು 70 ಡಿಗ್ರಿಯ ಹೊತ್ತಿಗೇ ಗಟ್ಟಿಯಾಗತೊಡಗುತ್ತದೆ. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಮುಟ್ಟಿದ ಕ್ಷಣವೇ ಹಿಡಿದುಕೊಳ್ಳುತ್ತದೆ, ಸೌಟು ಆಡಿಸಿದರೆ ಮುದ್ದೆಮುದ್ದೆಯಾಗಿ ಕಿತ್ತು ಬರುತ್ತದೆ. ನೀರು ಚಿಮುಕಿಸಿದರೆ ಹರಡಲು ನಾಲ್ಕೈದು ಸೆಕೆಂಡು ಸಿಗುತ್ತದೆ. ಒಳಗಿನ ಬಿಸಿ ಕಬ್ಬಿಣದಲ್ಲೇ ಇರುವುದರಿಂದ ಹರಡಿದ ತಕ್ಷಣ ಮತ್ತೆ ಮೇಲೆ ಬರುತ್ತದೆ.

ಹದ ತಿಳಿಯುವುದೂ ನೀರಿನಿಂದಲೇ. ಹನಿ ಹಾಕಿದಾಗ ಸುಮ್ಮನೆ ಕೂತು ನಿಧಾನಕ್ಕೆ ಗುಳ್ಳೆ ಬಿಟ್ಟರೆ ಕಾವಲಿ ಕಾದಿಲ್ಲ. ಚುಂಯ್ ಎಂದು ಎರಡು ಮೂರು ಸೆಕೆಂಡಿನಲ್ಲಿ ಆರಿಹೋದರೆ ಸರಿಯಾಗಿದೆ. ಹನಿ ಮಣಿಯಂತೆ ಉಂಡೆಯಾಗಿ ಕಾವಲಿಯ ತುಂಬ ಓಡಾಡಿದರೆ ಮಿತಿಮೀರಿ ಕಾದಿದೆ. ಕೆಳಗೆ ಆವಿಯ ಪದರ ಹುಟ್ಟಿ ಹನಿಯನ್ನು ಎತ್ತಿ ಹಿಡಿದಿರುತ್ತದೆ. ಆಗ ಉರಿ ತಗ್ಗಿಸಿ, ನೀರು ಎರಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಉರಿ ಸಣ್ಣದು ಮಾಡಿ, ದೊಡ್ಡ ಸೌಟಿನಷ್ಟು, ಅಂದರೆ 110-120 ಮಿಲಿಲೀಟರ್ ಹಿಟ್ಟನ್ನು ನಡುವೆ ಹುಯ್ದು, ಚಪ್ಪಟೆ ತಳದ ಬಟ್ಟಲಿನಿಂದ ಒಳಗಿನಿಂದ ಹೊರಕ್ಕೆ ಸುತ್ತುತ್ತಾ ಹರಡಿ. ಒತ್ತಬೇಡಿ, ಬಟ್ಟಲು ಹಿಟ್ಟಿನ ಮೇಲೆ ತೇಲಿದಂತಿರಲಿ. ಹರಡಿದ ಕೂಡಲೇ ಉರಿ ಮಧ್ಯಮಕ್ಕಿಂತ ಮೇಲಕ್ಕೆ. ಅರ್ಧ ನಿಮಿಷದಲ್ಲಿ ತೂತುಗಳು ಏಳಬೇಕು. ಏಳದಿದ್ದರೆ ಕಾವಲಿ ತಣ್ಣಗಿದೆ, ಇಲ್ಲವೇ ಹಿಟ್ಟು ಹುಳಿ ಬಂದಿಲ್ಲ. ಮೊದಲ ದೋಸೆಗೆ ಮಾತ್ರ ಹೀಗಾದರೆ ಕಾವಲಿಯ ತಪ್ಪು. ಎಲ್ಲ ದೋಸೆಗೂ ಆದರೆ ಹಿಟ್ಟಿನದು.

ಮುಚ್ಚಳ ಮುಚ್ಚಬೇಡಿ. ಮುಚ್ಚಿದರೆ ಆವಿ ಮತ್ತೆ ದೋಸೆಗೇ ಇಳಿದು ಮೆತ್ತಗಾಗುತ್ತದೆ. ಮೇಲ್ಭಾಗದ ಹಸಿ ಹೊಳಪು ಹೋಗುವವರೆಗೂ ಬೆಣ್ಣೆಯನ್ನೂ ಹಾಕಬೇಡಿ. ಹಸಿ ಹಿಟ್ಟಿನ ಮೇಲೆ ಬಿದ್ದ ಬೆಣ್ಣೆ ಹಿಟ್ಟಿನೊಳಗೆ ಸೇರಿಹೋಗುತ್ತದೆ, ತಳ ಮುಟ್ಟುವುದಿಲ್ಲ. ಒಣಗಿದ ಮೇಲೆ ಹಾಕಿದ್ದು ತೂತುಗಳ ಮೂಲಕ ಕೆಳಗಿಳಿದು ಕಾವಲಿಯ ಮೇಲೆ ದೋಸೆಯನ್ನು ಕರಿಯುತ್ತದೆ. ಒಂದು ದೋಸೆಗೆ ಬೆಣ್ಣೆ ಅಥವಾ ತುಪ್ಪ ಎರಡು ಸಣ್ಣ ಚಮಚ, ಒಂದು ಮೇಲೆ, ಇನ್ನೊಂದು ಅಂಚಿನ ಸುತ್ತ. ಇದರಲ್ಲಿ ಜಿಪುಣತನ ಮಾಡಿದರೆ ಹೋಟೆಲಿನ ರುಚಿಯನ್ನು ಕೇಳುವಂತಿಲ್ಲ. ಬೆಣ್ಣೆಯಲ್ಲಿರುವ ಹಾಲಿನ ಅಂಶವೂ ಕೆಂಪಾಗುವುದರಿಂದ ಬರೀ ಎಣ್ಣೆಗಿಂತ ಅದರ ಬಣ್ಣ, ಪರಿಮಳ ಹೆಚ್ಚು. ಒಟ್ಟು ಎರಡೂವರೆಯಿಂದ ಮೂರು ನಿಮಿಷ, ತಿರುವಿ ಹಾಕುವ ಅಗತ್ಯವಿಲ್ಲ. ಅಂಚು ತಾನಾಗಿ ಬಿಟ್ಟುಕೊಂಡಾಗ ಮಗುಚುವ ಕೈ ಹಾಕಿ, ಅದಕ್ಕೂ ಮುಂಚೆ ಕೆದಕಿದರೆ ಹರಿಯುತ್ತದೆ.

ಕೆಂಪು ಚಟ್ನಿ, ಪಲ್ಯ, ಕಾಯಿ ಚಟ್ನಿ

ಕೆಂಪು ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿಯೇ ಬೇಕು. ಬಣ್ಣ ಗಾಢ, ಖಾರ ಕಡಿಮೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಹತ್ತು ಬ್ಯಾಡಗಿ, ಖಾರಕ್ಕೆ ಎರಡು ಗುಂಟೂರು ಮೆಣಸಿನಕಾಯಿಯ ಬೀಜ ತೆಗೆದು ಬಿಸಿನೀರಲ್ಲಿ 20 ನಿಮಿಷ ನೆನೆಸಿ. ಬೆಳ್ಳುಳ್ಳಿ 7 ಎಸಳು, ಹುರಿಗಡಲೆ 2 ದೊಡ್ಡ ಚಮಚ, ಹುಣಸೆ ಬೀಜದಷ್ಟು ಹುಣಸೆಹಣ್ಣು, ಅರ್ಧ ಸಣ್ಣ ಚಮಚ ಉಪ್ಪು ಸೇರಿಸಿ, ನೀರು ಕಂಡೂ ಕಾಣದಷ್ಟು ಹಾಕಿ ನುಣ್ಣಗೆ ರುಬ್ಬಿ. ಚಮಚ ಓರೆ ಮಾಡಿದರೂ ಬೀಳದಷ್ಟು ಗಟ್ಟಿ ಇರಬೇಕು. ನೀರು ಚಟ್ನಿ ಸವರಿದರೆ ಅಷ್ಟು ಕಷ್ಟಪಟ್ಟು ಮಾಡಿದ ಗರಿ ಹೋಯಿತು. ದೋಸೆಯ ಮೇಲ್ಭಾಗ ಒಣಗಿ ಬೆಣ್ಣೆ ಹಾಕಿದ ಮೇಲೆ, ಒಂದು ಸಣ್ಣ ಚಮಚ ಮಾತ್ರ.

ಪಲ್ಯ ಸುಲಭ. ಅರ್ಧ ಕೆಜಿ ಹಳೆ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ. ಹೆಚ್ಚಿ ಬೇಯಿಸಿದರೆ ನೀರು ಕುಡಿದು ಪಲ್ಯ ಅಂಟಾಗುತ್ತದೆ. ಸಾಸಿವೆ, ಕಡಲೆಬೇಳೆ, ಕರಿಬೇವು, ಹಸಿಮೆಣಸಿನಕಾಯಿ, ಶುಂಠಿಯ ಒಗ್ಗರಣೆಗೆ ಎರಡು ಈರುಳ್ಳಿ ಹಾಕಿ, ಮೆತ್ತಗಾದರೆ ಸಾಕು, ಕೆಂಪಾಗುವುದು ಬೇಡ. ಅರಿಸಿನ, ಉಪ್ಪು, ಕಾಲು ಕಪ್ ನೀರು ಕುದಿಸಿ ಕೈಯಲ್ಲಿ ಒಡೆದ ಆಲೂಗಡ್ಡೆ ಸೇರಿಸಿ. ಹೋಟೆಲ್ ಪಲ್ಯದ ಹೊಳಪು ಈ ನೀರಿನಿಂದ ಬರುತ್ತದೆ. ನಿಂಬೆರಸ ಒಲೆ ಆರಿಸಿದ ಮೇಲೆ.

ಕಾಯಿ ಚಟ್ನಿಯಲ್ಲಿ ಮನೆಗೂ ಹೋಟೆಲಿಗೂ ವ್ಯತ್ಯಾಸ ಹುರಿಗಡಲೆ. ಒಂದು ಕಪ್ ತೆಂಗಿನತುರಿಗೆ ಮೂರು ದೊಡ್ಡ ಚಮಚ ಹಾಕಿದರೆ ಚಟ್ನಿ ನೀರು ಬಿಡುವುದಿಲ್ಲ. ತಣ್ಣೀರಲ್ಲಿ ರುಬ್ಬಿ, ಮಿಕ್ಸಿ ಬಿಸಿಗೆ ಕಾಯಿ ಎಣ್ಣೆ ಬಿಡುತ್ತದೆ.

ಪ್ಯಾಕೆಟ್ ಇಲ್ಲದೆ ರವೆ ಇಡ್ಲಿ

ದೋಸೆ ಹಿಟ್ಟು ಇಲ್ಲದ ದಿನಕ್ಕೆ ರವೆ ಇಡ್ಲಿ ಮಿಕ್ಸ್ ಒಂದು ಡಬ್ಬ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ರವೆ ಇಡ್ಲಿ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದ ಅಕ್ಕಿ ಅಭಾವದಲ್ಲಿ, ಬೆಂಗಳೂರಿನ ಎಂಟಿಆರ್ ಹೋಟೆಲಿನಲ್ಲಿ ಎನ್ನುತ್ತಾರೆ. ಹುದುಗಿನ ಬದಲು ಇಲ್ಲಿ ಗಾಳಿ ತುಂಬುವುದು ಮೊಸರಿನ ಹುಳಿ ಮತ್ತು ಅಡುಗೆ ಸೋಡಾ ಕೂಡಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್.

ಅರ್ಧ ಕೆಜಿ ಉಪ್ಪಿಟ್ಟಿನ ರವೆ ತೆಗೆದುಕೊಳ್ಳಿ. ಚಿರೋಟಿ ರವೆ ಮುದ್ದೆಯಾಗುತ್ತದೆ, ಬನ್ಸಿ ರವೆ ಗಟ್ಟಿ. ನಾಲ್ಕು ದೊಡ್ಡ ಚಮಚ ತುಪ್ಪದಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಜೀರಿಗೆ, ಗೋಡಂಬಿ, ಇಂಗು ಹುರಿದು, ಮೂರು ಕಡ್ಡಿ ಕರಿಬೇವು ಪೂರ್ತಿ ಗರಿಯಾಗುವವರೆಗೂ ಬಿಡಿ. ಎಲೆಯಲ್ಲಿ ಹಸಿ ಉಳಿದರೆ ಡಬ್ಬದಲ್ಲಿ ಬೂಷ್ಟು ಬರುತ್ತದೆ. ರವೆ ಸೇರಿಸಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿಯಿರಿ, ಬಣ್ಣ ಬದಲಾಗಬಾರದು. ಎರಡೂವರೆ ಸಣ್ಣ ಚಮಚ ಉಪ್ಪು ಹಾಕಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿ. ಹೊರಗೆ ಮೂರು ವಾರ ಇಡಬಹುದು. ಸೋಡಾವನ್ನು ಡಬ್ಬಕ್ಕೆ ಹಾಕಬೇಡಿ. ಗಂಟುಕಟ್ಟಿ ಒಂದು ಇಡ್ಲಿಗೆ ಜಾಸ್ತಿ, ಇನ್ನೊಂದಕ್ಕೆ ಇಲ್ಲದಂತಾಗುತ್ತದೆ. ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಮಾಡುವ ದಿನ.

ಒಂದು ಕಪ್ ರವೆ ಇಡ್ಲಿ ಮಿಕ್ಸ್‌ಗೆ ಒಂದು ಕಪ್ ಹುಳಿ ಮೊಸರು, ಕಾಲು ಕಪ್ ನೀರು ಕಲಸಿ 20 ನಿಮಿಷ ಬಿಡಿ. ರವೆ ನೆನೆದು ಗಟ್ಟಿಯಾಗುತ್ತದೆ, ಬೇಕಾದರೆ ಇನ್ನೂ ಸ್ವಲ್ಪ ನೀರು ಹಾಕಿ. ಕುಕ್ಕರಿನ ನೀರು ಕುದಿಯಲು ಶುರುವಾದ ಮೇಲೆ ಕಾಲು ಸಣ್ಣ ಚಮಚ ಸೋಡಾ ಹಾಕಿ, ನಾಲ್ಕು ಸುತ್ತು ಕಲಸಿ, ತಕ್ಷಣ ತಟ್ಟೆಗೆ ಹುಯ್ದು, ವಿಷಲ್ ಇಲ್ಲದೆ 12 ನಿಮಿಷ ಬೇಯಿಸಿ. ಮೊಸರು ಸಪ್ಪೆಯಾಗಿದ್ದರೆ ಸೋಡಾ ಪೂರ್ತಿ ಖರ್ಚಾಗದೆ ಕಹಿ ಉಳಿಯುತ್ತದೆ, ಅದಕ್ಕೆ ಒಂದು ಸಣ್ಣ ಚಮಚ ನಿಂಬೆರಸ ಸೇರಿಸಿ. ಪ್ಯಾಕೆಟ್‌ಗಳಲ್ಲಿ ಸಿಟ್ರಿಕ್ ಆಮ್ಲ ಇರುವುದು ಇದೇ ಕೆಲಸಕ್ಕೆ. ಅರಿಸಿನ ಹಾಕಿದ ಇಡ್ಲಿಯಲ್ಲಿ ಕೆಂಪು ಚುಕ್ಕೆ ಕಂಡರೆ ಸೋಡಾ ಹೆಚ್ಚಾಗಿದೆ, ಇಲ್ಲವೇ ಸರಿಯಾಗಿ ಬೆರೆತಿಲ್ಲ. ಕ್ಷಾರ ತಾಗಿದ ಅರಿಸಿನ ಕೆಂಪಾಗುತ್ತದೆ.

ಎರಡು ಸಲ ಬೇಯಿಸಬೇಕಾದಷ್ಟು ಜನರಿದ್ದರೆ ಹಿಟ್ಟನ್ನು ಮೊದಲೇ ಎರಡು ಪಾಲು ಮಾಡಿಕೊಳ್ಳಿ, ಎರಡನೇ ಪಾಲಿಗೆ ಮೊದಲ ಸರದಿ ಬೆಂದು ಇಳಿದ ಮೇಲೆಯೇ ಸೋಡಾ ಹಾಕಿ. ಒಟ್ಟಿಗೇ ಹಾಕಿಟ್ಟರೆ ಹನ್ನೆರಡು ನಿಮಿಷದಲ್ಲಿ ಗಾಳಿಯೆಲ್ಲ ಹೋಗಿ ಎರಡನೇ ತಟ್ಟೆಯ ಇಡ್ಲಿ ಚಪ್ಪಟೆಯಾಗಿಯೇ ಏಳುತ್ತದೆ.